ಅಣಬೆ ಮತ್ತು ಕರುಳಿನ ಬ್ಯಾಕ್ಟೀರಿಯಾ: ಪದೇ ಪದೇ ಕೇಳುವ ಪ್ರಶ್ನೆಗಳು

ಅಣಬೆ ತಿಂದರೆ ಕರುಳಿಗೆ ಒಳ್ಳೆಯದು ಅನ್ನುವ ಮಾತು ಈಗ ಎಲ್ಲ ಕಡೆ ಕೇಳುತ್ತಿದೆ. ಅದರಲ್ಲಿ ನಿಜ ಇದೆ. ಜೊತೆಗೆ ಪುಡಿ, ಕ್ಯಾಪ್ಸೂಲ್ ಮಾರುವವರು ಬಳಿದ ಬಣ್ಣವೂ ಸಾಕಷ್ಟಿದೆ. ಆತುರದಲ್ಲಿ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಅಣಬೆ ಕರುಳಿನ ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ಆಹಾರ, ಆದರೆ ಔಷಧಿ ಅಲ್ಲ. ಎಷ್ಟು ಲಾಭ ಆಗುತ್ತದೆ ಅನ್ನುವುದು ನಿಮ್ಮ ಕರುಳಿನಲ್ಲಿ ಈಗಾಗಲೇ ಯಾರು ಯಾರು ಮನೆ ಮಾಡಿಕೊಂಡಿದ್ದಾರೆ ಅನ್ನುವುದನ್ನು ಅವಲಂಬಿಸಿದೆ. ಬಿಡಿಸಿ ತಿಳಿಯಬೇಕು ಅನ್ನುವವರು ಮುಂದೆ ಓದಿ.

ನಾನು ತಿನ್ನುವ ಅಣಬೆಗೂ ಕರುಳಿನ ಬ್ಯಾಕ್ಟೀರಿಯಾಗಳಿಗೂ ಏನು ಸಂಬಂಧ?

ನಾವು ತಿಂದದ್ದರಲ್ಲಿ ಹೆಚ್ಚಿನ ಪಾಲು ಸಣ್ಣ ಕರುಳಿನಲ್ಲೇ ಜೀರ್ಣವಾಗಿ ರಕ್ತ ಸೇರುತ್ತದೆ. ಅಲ್ಲಿ ಜೀರ್ಣವಾಗದೆ ಉಳಿದದ್ದು ದೊಡ್ಡ ಕರುಳಿಗೆ ಇಳಿಯುತ್ತದೆ. ಬ್ಯಾಕ್ಟೀರಿಯಾಗಳು ಗಿಜಿಗುಡುತ್ತಿರುವುದು ಅಲ್ಲೇ. ನಮಗೆ ಬೇಡವಾದದ್ದೇ ಅವುಗಳ ಊಟ. ಅಣಬೆಯಲ್ಲಿ ಇಂಥ ಜೀರ್ಣವಾಗದ ಭಾಗ ಇದೆ, ಅದು ಸೊಪ್ಪು ತರಕಾರಿಗಳ ನಾರಿಗಿಂತ ಬೇರೆ ಥರದ್ದು. ಕುತೂಹಲ ಶುರುವಾಗುವುದು ಇಲ್ಲಿಂದಲೇ.

ಅಂದಹಾಗೆ, ನಮ್ಮ ಜೀವಕೋಶಗಳಿಗಿಂತ ಹತ್ತು ಪಟ್ಟು ಬ್ಯಾಕ್ಟೀರಿಯಾ ನಮ್ಮೊಳಗಿವೆ ಅಂತ ಎಲ್ಲರೂ ಬರೆಯುತ್ತಾರೆ. ಅದು ಹಳೆಯ ಅಂದಾಜು. 2016ರಲ್ಲಿ ಮತ್ತೆ ಲೆಕ್ಕ ಹಾಕಿದಾಗ 70 ಕೆಜಿ ತೂಕದ ಒಬ್ಬ ಗಂಡಸಿನಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ, ಸುಮಾರು 30 ಲಕ್ಷ ಕೋಟಿ ದೇಹದ ಕೋಶಗಳು ಅಂತ ಬಂತು. ಹೆಚ್ಚು ಕಮ್ಮಿ ಸಮ. ಇಷ್ಟೂ ಬ್ಯಾಕ್ಟೀರಿಯಾಗಳ ಒಟ್ಟು ತೂಕ 200 ಗ್ರಾಂ ಆಸುಪಾಸು.

ಅಣಬೆಯಲ್ಲಿ ಅಂಥದ್ದೇನಿದೆ?

ಮೊದಲು ಒಂದು ವಿಷಯ ಗಮನದಲ್ಲಿರಲಿ, ಅಣಬೆ ಗಿಡ ಅಲ್ಲ. ಅದು ಶಿಲೀಂಧ್ರ, ಅಂದರೆ ಫಂಗಸ್. ಗಿಡದ ಕೋಶಗಳ ಗೋಡೆ ಮುಖ್ಯವಾಗಿ ಸೆಲ್ಯುಲೋಸ್‌ನದ್ದು. ಅಣಬೆಯ ಗೋಡೆ ಕೈಟಿನ್ ಮತ್ತು ಬೀಟಾ ಗ್ಲುಕಾನ್ ಸೇರಿ ಆದದ್ದು. ಕೈಟಿನ್ ಅಂದರೆ ಏಡಿ, ಸಿಗಡಿಗಳ ಚಿಪ್ಪಿನಲ್ಲಿ ಇರುವುದೇ. ನಮ್ಮ ಹೊಟ್ಟೆಯಲ್ಲಿ ಕೈಟಿನ್ ಒಡೆಯುವ ಒಂದು ಕಿಣ್ವ ಇರುವುದು ನಿಜ, ಆದರೆ ಅದರಿಂದ ಪೂರ್ತಿ ಕೆಲಸ ಆಗುವುದಿಲ್ಲ.

ಬೀಟಾ ಗ್ಲುಕಾನ್ ಇನ್ನೂ ಮಜವಾದದ್ದು. ಅದೂ ಗ್ಲೂಕೋಸ್ ಸರಪಳಿಯೇ, ಪಿಷ್ಟವೂ ಗ್ಲೂಕೋಸ್ ಸರಪಳಿಯೇ. ವ್ಯತ್ಯಾಸ ಇರುವುದು ಒಂದು ಗ್ಲೂಕೋಸನ್ನು ಇನ್ನೊಂದಕ್ಕೆ ಜೋಡಿಸಿದ ರೀತಿಯಲ್ಲಿ. ಪಿಷ್ಟದಲ್ಲಿರುವುದು ಆಲ್ಫಾ ಕೊಂಡಿ, ಇದರಲ್ಲಿರುವುದು ಬೀಟಾ ಕೊಂಡಿ. ಕೊಂಡಿ ಬೀಗ, ಕಿಣ್ವ ಕೀಲಿ ಅಂದುಕೊಳ್ಳಿ: ಆಲ್ಫಾ ಬೀಗದ ಕೀಲಿ ನಮ್ಮ ಹತ್ತಿರ ಇದೆ, ಬೀಟಾ ಬೀಗದ್ದು ಇಲ್ಲ, ಹಾಗಾಗಿ ಅದು ಹಾಗೇ ದೊಡ್ಡ ಕರುಳಿಗೆ ಹೋಗುತ್ತದೆ.

ಇವೆರಡರ ಜೊತೆ ಮ್ಯಾನಿಟಾಲ್ ಎಂಬ ಸಕ್ಕರೆ ಆಲ್ಕೋಹಾಲ್ (ಕುಡಿಯುವ ಆಲ್ಕೋಹಾಲ್ ಅಲ್ಲ, ಗಾಬರಿ ಬೇಡ) ಮತ್ತು ಟ್ರೆಹಲೋಸ್ ಎಂಬ ಸಕ್ಕರೆ ಕೂಡ ಇವೆ. ಹೊಟ್ಟೆ ಉಬ್ಬರದ ಕಥೆಯಲ್ಲಿ ಇವು ಮತ್ತೆ ಬರುತ್ತವೆ.

ಬೀಟಾ ಗ್ಲುಕಾನ್ ಓಟ್ಸ್‌ನಲ್ಲೂ ಇದೆಯಲ್ಲ, ಎರಡೂ ಒಂದೇನಾ?

ಹೆಸರು ಒಂದೇ, ರಚನೆ ಬೇರೆ. ಓಟ್ಸ್, ಬಾರ್ಲಿಯದ್ದು 1,3 ಮತ್ತು 1,4 ಕೊಂಡಿಗಳಿರುವ ನೇರ ಸರಪಳಿ. ನೀರಿನಲ್ಲಿ ಕರಗಿ ಲೋಳೆಯಾಗುತ್ತದೆ. ಕೊಲೆಸ್ಟ್ರಾಲ್ ಇಳಿಸುವುದರಲ್ಲಿ ಅದಕ್ಕೆ ಹೆಸರು ಬಂದದ್ದು ಈ ಲೋಳೆಯಿಂದ. ಅಣಬೆಯದ್ದು 1,3 ಸರಪಳಿ, ಅದರಿಂದ 1,6 ಕೊಂಡಿಯ ಕವಲುಗಳು ಹೊರಟಿರುತ್ತವೆ. ಬಹಳಷ್ಟು ಭಾಗ ಕೈಟಿನ್ ಜೊತೆ ಹೆಣೆದುಕೊಂಡಿರುವುದರಿಂದ ಸುಲಭವಾಗಿ ಕರಗುವುದಿಲ್ಲ. ಹಾಗಾಗಿ ಓಟ್ಸ್ ಮೇಲೆ ಸಾಬೀತಾದ ಗುಣವನ್ನು ಅಣಬೆಗೆ ಅಂಟಿಸಿದ ಜಾಹೀರಾತು ಕಂಡರೆ ಸ್ವಲ್ಪ ಅನುಮಾನ ಪಡಿ.

ಬ್ಯಾಕ್ಟೀರಿಯಾಗಳು ಅದನ್ನು ಏನು ಮಾಡುತ್ತವೆ?

ಕತ್ತರಿಸಿ ತಿನ್ನುತ್ತವೆ. ಆದರೆ ಅದು ಎಲ್ಲ ಬ್ಯಾಕ್ಟೀರಿಯಾಗಳಿಂದಲೂ ಆಗುವ ಕೆಲಸ ಅಲ್ಲ. ಬ್ಯಾಕ್ಟೀರಾಯ್ಡಿಸ್ ಗುಂಪಿನವು ಇದರಲ್ಲಿ ಪಳಗಿದವು. ಅವುಗಳ ಡಿಎನ್ಎಯಲ್ಲಿ ಒಂದೊಂದು ಬಗೆಯ ನಾರಿಗೂ ಒಂದೊಂದು ಜೀನ್ ಗೊಂಚಲು ಇರುತ್ತದೆ. ನಾರು ಎದುರಾದ ತಕ್ಷಣ ಆ ಗೊಂಚಲು ಚುರುಕಾಗಿ, ಹಿಡಿಯುವ ಪ್ರೋಟೀನ್, ಕತ್ತರಿಸುವ ಕಿಣ್ವ, ಒಳಗೆ ಎಳೆದುಕೊಳ್ಳುವ ದಾರಿ ಎಲ್ಲವೂ ಒಟ್ಟಿಗೆ ತಯಾರಾಗುತ್ತವೆ. ಬ್ಯಾಕ್ಟೀರಾಯ್ಡಿಸ್ ಥೀಟಾಅಯೊಟಾಮೈಕ್ರಾನ್ ಅನ್ನುವ ಬಾಯಿ ತಿರುಗದ ಹೆಸರಿನ ಪ್ರಭೇದ ಶಿಲೀಂಧ್ರಗಳ 1,6 ಗ್ಲುಕಾನನ್ನು ಒಡೆಯುತ್ತದೆ. ಬ್ಯಾಕ್ಟೀರಾಯ್ಡಿಸ್ ಯೂನಿಫಾರ್ಮಿಸ್ 1,3 ಸರಪಳಿಯನ್ನು ಒಡೆಯುತ್ತದೆ.

ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಇವು ಕತ್ತರಿಸುವಾಗ ಚೂರುಪಾರು ಹೊರಗೆ ಬೀಳುತ್ತವೆ, ಜೊತೆಗೆ ಅಸಿಟೇಟ್, ಸಕ್ಸಿನೇಟ್‌ನಂಥ ಪದಾರ್ಥಗಳನ್ನೂ ಇವು ಹೊರಹಾಕುತ್ತವೆ. ತಾವೇ ಕತ್ತರಿಸಲಾಗದ ಬೇರೆ ಬ್ಯಾಕ್ಟೀರಿಯಾಗಳು ಅದನ್ನು ಹೆಕ್ಕಿ ಬದುಕುತ್ತವೆ. ಫೀಕಾಲಿಬ್ಯಾಕ್ಟೀರಿಯಂ ಪ್ರೌಸ್ನಿಟ್ಜಿ ಅನ್ನುವುದು ಅಸಿಟೇಟ್ ತೆಗೆದುಕೊಂಡು ಬ್ಯುಟಿರೇಟ್ ಮಾಡುತ್ತದೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಬೇಕಾದ ಶಕ್ತಿಯಲ್ಲಿ ಸುಮಾರು 70% ಬರುವುದು ಈ ಬ್ಯುಟಿರೇಟ್‌ನಿಂದ. ಅಂದರೆ ಕರುಳಿನ ಗೋಡೆ ಗಟ್ಟಿಯಾಗಿರಬೇಕಾದರೆ ಈ ಬ್ಯಾಕ್ಟೀರಿಯಾಗಳು ಹಸಿದಿರಬಾರದು. ಪ್ರೊಪಿಯೊನೇಟ್ ಮೂರನೆಯದು, ಅದರಲ್ಲಿ ಹೆಚ್ಚಿನ ಪಾಲು ಯಕೃತ್ತಿಗೆ ಹೋಗುತ್ತದೆ. ಅಸಿಟೇಟ್, ಬ್ಯುಟಿರೇಟ್, ಪ್ರೊಪಿಯೊನೇಟ್ ಈ ಮೂರನ್ನೂ ಸೇರಿಸಿ ಚಿಕ್ಕ ಸರಪಳಿ ಕೊಬ್ಬಿನಾಮ್ಲಗಳು ಅನ್ನುತ್ತಾರೆ. ಹೆಸರಲ್ಲಿ ಕೊಬ್ಬು ಇದ್ದರೂ ದೊಡ್ಡ ಕರುಳಿನಲ್ಲಿ ಇವು ಬರುವುದು ಎಣ್ಣೆ ತುಪ್ಪದಿಂದಲ್ಲ, ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸುವುದರಿಂದ.

ಒಬ್ಬರು ಬಿಟ್ಟದ್ದು ಇನ್ನೊಬ್ಬರಿಗೆ ಊಟ ಆಗುವ ಈ ಏರ್ಪಾಡಿನಿಂದಲೇ "ಇಂಥ ಅಣಬೆ ತಿಂದರೆ ಇಂಥ ಬ್ಯಾಕ್ಟೀರಿಯಾ ಹೆಚ್ಚುತ್ತದೆ" ಅಂತ ಒಂದೇ ಸಾಲಿನಲ್ಲಿ ಹೇಳಲು ಆಗುವುದಿಲ್ಲ. ಮೊದಲು ಕತ್ತರಿಸುವವರು ನಿಮ್ಮಲ್ಲಿ ಇರಬೇಕಲ್ವಾ? ಅವರೇ ಇಲ್ಲದಿದ್ದರೆ ಎಷ್ಟು ತಿಂದರೂ ಅದು ಸುಮ್ನೆ ಹೊರಗೆ ಹೋಗುತ್ತದೆ.

ಮನುಷ್ಯರ ಮೇಲೆ ಪರೀಕ್ಷೆ ಮಾಡಿದ್ದಾರಾ, ಇಲ್ಲ ಬರೀ ಇಲಿಗಳ ಮೇಲಾ?

ಮಾಡಿದ್ದಾರೆ, ಆದರೆ ಕಡಿಮೆ. ಇರುವುದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನ. ಅದರಲ್ಲಿ 32 ಜನ ಆರೋಗ್ಯವಂತರು ಇದ್ದರು. ಅವರು 10 ದಿನ ದಿನಕ್ಕೆ 226 ಗ್ರಾಂ ಬಟನ್ ಅಣಬೆ ತಿಂದರು, ಇನ್ನೊಂದು 10 ದಿನ ಅಷ್ಟೇ ಪ್ರೋಟೀನ್ ಬರುವಷ್ಟು ಮಾಂಸ ತಿಂದರು. ಒಬ್ಬರೇ ಎರಡನ್ನೂ ತಿಂದದ್ದರಿಂದ ಹೋಲಿಕೆ ಚೆನ್ನಾಗಿ ಆಗುತ್ತದೆ.

ಫಲಿತಾಂಶ? ಅಣಬೆ ತಿಂದಾಗ ಮಲದ ತೂಕ ಜಾಸ್ತಿಯಾಯಿತು. ಬ್ಯಾಕ್ಟೀರಾಯ್ಡೀಟೀಸ್ ಎಂಬ ದೊಡ್ಡ ಗುಂಪಿನ (ಮೇಲೆ ಹೇಳಿದ ಬ್ಯಾಕ್ಟೀರಾಯ್ಡಿಸ್ ಇದರೊಳಗೇ ಸೇರುತ್ತವೆ) ಪಾಲು ಏರಿತು, ಫರ್ಮಿಕ್ಯೂಟೀಸ್ ಗುಂಪಿನ ಪಾಲು ಇಳಿಯಿತು. ಇಷ್ಟನ್ನೇ ಹಿಡಿದು ಸುದ್ದಿ ಬರೆಯುವವರು ಮುಂದಿನದನ್ನು ಬಿಟ್ಟುಬಿಡುತ್ತಾರೆ: ಮಲದಲ್ಲಿನ ಚಿಕ್ಕ ಸರಪಳಿ ಕೊಬ್ಬಿನಾಮ್ಲಗಳಲ್ಲಿ, ಉಸಿರಿನ ಹೈಡ್ರೋಜನ್‌ನಲ್ಲಿ (ಬ್ಯಾಕ್ಟೀರಿಯಾಗಳು ಎಷ್ಟು ಹುದುಗಿಸುತ್ತಿವೆ ಅನ್ನುವುದಕ್ಕೆ ಇದು ಗುರುತು), ಎಷ್ಟು ಸಲ ಹೊರಗೆ ಹೋಗುತ್ತಾರೆ ಅನ್ನುವುದರಲ್ಲಿ ಎರಡು ಊಟಗಳ ನಡುವೆ ಗುರುತಿಸುವಂಥ ವ್ಯತ್ಯಾಸ ಇರಲಿಲ್ಲ. ಅಣಬೆ ಚೂರುಗಳು ಜೀರ್ಣವಾಗದೆ ಹಾಗೇ ಹೊರಬಂದದ್ದೂ ಕಂಡಿತು. ಅಂದರೆ ಯಾರು ಎಷ್ಟಿದ್ದಾರೆ ಅನ್ನುವ ಲೆಕ್ಕ ಬದಲಾಯಿತು, ಅವರು ಮಾಡುವ ಕೆಲಸ ಬದಲಾದ ಗುರುತು 10 ದಿನದಲ್ಲಿ ಸಿಗಲಿಲ್ಲ. ಕೊಬ್ಬಿನಾಮ್ಲಗಳಲ್ಲಿ ಬಹುಪಾಲನ್ನು ಕರುಳು ಹೀರಿಕೊಂಡು ಬಿಡುತ್ತದೆ, ಮಲದಲ್ಲಿ ಉಳಿಯುವುದು ಕೊಂಚ ಮಾತ್ರ, ಹಾಗಾಗಿ ಇದನ್ನು ಸೋಲು ಅಂತಲೂ ಕರೆಯಲಾಗದು. ಆದರೆ "ಅಣಬೆಯಿಂದ ಕರುಳೇ ಬದಲಾಯಿತು" ಅನ್ನುವ ತಲೆಬರಹಕ್ಕೆ ಇದರಲ್ಲಿ ಆಧಾರ ಇಲ್ಲ.

ಇನ್ನೊಂದು, 2014ರದ್ದು. 24 ಆರೋಗ್ಯವಂತರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಟರ್ಕಿ ಟೇಲ್ ಎಂಬ ಅಣಬೆಯಿಂದ ತೆಗೆದ ಪಿಎಸ್‌ಪಿ ಸಾರ, ಇನ್ನೊಂದಕ್ಕೆ ಅಮಾಕ್ಸಿಸಿಲಿನ್ ಎಂಬ ಆಂಟಿಬಯಾಟಿಕ್ ಕೊಟ್ಟರು, ಮೂರನೆಯದಕ್ಕೆ ಏನೂ ಇಲ್ಲ. ಆಂಟಿಬಯಾಟಿಕ್ ತೆಗೆದುಕೊಂಡವರಲ್ಲಿ ಬೇಡದ ಬ್ಯಾಕ್ಟೀರಿಯಾ ಹೆಚ್ಚಿ, ಮಾತ್ರೆ ನಿಂತ ಮೇಲೂ ವಾರಗಟ್ಟಲೆ ಹಾಗೇ ಇತ್ತು. ಸಾರ ತೆಗೆದುಕೊಂಡವರಲ್ಲಿ ಆದ ಬದಲಾವಣೆ ಪ್ರಿಬಯಾಟಿಕ್ (ಒಳಗಿನ ಬ್ಯಾಕ್ಟೀರಿಯಾಗಳಿಗೆ ಕೊಡುವ ಆಹಾರ) ಕೊಟ್ಟಾಗ ಆಗುವಂಥದ್ದು. ಇದು ಸಾರ, ಊಟದ ಅಣಬೆ ಅಲ್ಲ ಅನ್ನುವುದನ್ನು ಮಾತ್ರ ಮರೆಯಬೇಡಿ.

ಹಾಗಾದರೆ ಇಲಿ ಪ್ರಯೋಗಗಳನ್ನು ನಂಬಬೇಕಾ?

ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು ನಂಬಿ, ನಿಮಗೂ ಹಾಗೇ ಆಗುತ್ತದೆ ಅಂತ ನಂಬಬೇಡಿ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು 2018ರಲ್ಲಿ ಇಲಿಗಳಿಗೆ ಬಿಳಿ ಬಟನ್ ಅಣಬೆ ತಿನ್ನಿಸಿ ನೋಡಿದರು. ಪ್ರೆವೊಟೆಲ್ಲಾ ಎಂಬ ಬ್ಯಾಕ್ಟೀರಿಯಾ ಹೆಚ್ಚಿತು, ಅದು ಪ್ರೊಪಿಯೊನೇಟ್ ಮತ್ತು ಸಕ್ಸಿನೇಟ್ ಮಾಡಿತು, ಅದರಿಂದ ಕರುಳು ಮತ್ತು ಯಕೃತ್ತಿನಲ್ಲಿ ಗ್ಲೂಕೋಸ್ ತಯಾರಿಸುವ ಜೀನ್‌ಗಳ ನಡವಳಿಕೆ ಬದಲಾಯಿತು. ಚಂದದ ಕೆಲಸ. ಬ್ಯಾಕ್ಟೀರಿಯಾ ಇಲ್ಲದ ಇಲಿಗಳಿಗೆ ತಿನ್ನಿಸಿಯೂ ನೋಡಿದ್ದರಿಂದ ಇದು ಅಣಬೆಯ ನೇರ ಪರಿಣಾಮ ಅಲ್ಲ, ಬ್ಯಾಕ್ಟೀರಿಯಾಗಳ ಮೂಲಕ ಆಗುವಂಥದ್ದು ಅಂತ ಹೇಳಲು ಆಧಾರ ಸಿಕ್ಕಿತು.

ಆದರೆ ಪ್ರಯೋಗಾಲಯದ ಇಲಿ ದಿನಾ ಒಂದೇ ಊಟ ತಿನ್ನುತ್ತದೆ, ಒಂದೇ ಪಂಜರದಲ್ಲಿರುತ್ತದೆ, ಪಕ್ಕದ ಇಲಿಯ ಹಿಕ್ಕೆಯನ್ನೂ ತಿನ್ನುತ್ತದೆ. ನಾವು ಹಾಗಲ್ಲವಲ್ಲ!

ಅಣಬೆ ಪ್ರೊಬಯಾಟಿಕ್ಕಾ, ಪ್ರಿಬಯಾಟಿಕ್ಕಾ?

ಪ್ರೊಬಯಾಟಿಕ್ ಅಂದರೆ ಲಾಭ ಕೊಡುವ ಜೀವಂತ ಸೂಕ್ಷ್ಮಜೀವಿ. ಬೇಯಿಸಿದ ಅಣಬೆಯಲ್ಲಿ ಜೀವಂತವಾದದ್ದು ಏನೂ ಇಲ್ಲ, ಹಾಗಾಗಿ ಅದಲ್ಲ. ಪ್ರಿಬಯಾಟಿಕ್ ಅಂದರೆ ಒಳಗಿರುವ ಸೂಕ್ಷ್ಮಜೀವಿಗಳು ಆಯ್ದು ಬಳಸಿಕೊಳ್ಳುವ, ಅದರಿಂದ ನಮಗೆ ಲಾಭ ಆಗುವ ಆಹಾರ. 1995ರಲ್ಲಿ ಹುಟ್ಟಿದ ಈ ಹೆಸರಿನಡಿ ಇನುಲಿನ್ ಎಂಬ ನಾರಿನಂಥವು ಗಟ್ಟಿಯಾಗಿ ಕೂತಿವೆ. ಅಣಬೆಯ ನಾರು ಇನ್ನೂ ಬಾಗಿಲಲ್ಲಿ ನಿಂತಿದೆ. ಲಾಭ ಆಗುತ್ತದೆ ಅನ್ನುವ ಭಾಗವನ್ನು ಮನುಷ್ಯರಲ್ಲಿ ತೋರಿಸುವ ಕೆಲಸ ಬಾಕಿ ಇದೆ.

ಅಣಬೆ ತಿಂದರೆ ನನಗೆ ಹೊಟ್ಟೆ ಉಬ್ಬರ, ಗ್ಯಾಸ್. ಅಂದರೆ ಬ್ಯಾಕ್ಟೀರಿಯಾ ಚೆನ್ನಾಗಿ ಕೆಲಸ ಮಾಡುತ್ತಿವೆ ಅಂತಾನಾ?

ಒಂದರ್ಥದಲ್ಲಿ ಹೌದು, ಆದರೆ ಅದಕ್ಕೆ ಖುಷಿ ಪಡಬೇಕಾಗಿಲ್ಲ. ಇಲ್ಲಿ ಮುಖ್ಯ ಆರೋಪಿ ಮ್ಯಾನಿಟಾಲ್. ಸಣ್ಣ ಕರುಳು ಅದನ್ನು ನಿಧಾನವಾಗಿ, ಅರ್ಧಂಬರ್ಧ ಹೀರಿಕೊಳ್ಳುತ್ತದೆ. ಉಳಿದದ್ದು ನೀರನ್ನು ತನ್ನ ಕಡೆ ಎಳೆದುಕೊಂಡು ದೊಡ್ಡ ಕರುಳಿಗೆ ಹೋಗುತ್ತದೆ, ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಬೇಗ ಬೇಗ ಹುದುಗಿಸಿ ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ. ಎಲ್ಲರಲ್ಲೂ ಇದು ಆಗುತ್ತದೆ. ಸೂಕ್ಷ್ಮ ಕರುಳಿನವರಿಗೆ, ಅದರಲ್ಲೂ ಐಬಿಎಸ್ (ಹೊಟ್ಟೆನೋವು, ಉಬ್ಬರ, ಭೇದಿ ಅಥವಾ ಮಲಬದ್ಧತೆ ಪದೇ ಪದೇ ಕಾಡುವ ಕರುಳಿನ ತೊಂದರೆ) ಇರುವವರಿಗೆ, ಅದು ನೋವಾಗಿ ಕಾಣುತ್ತದೆ.

ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರು ಐಬಿಎಸ್ ಇರುವವರಿಗೆ ಲೋ ಫಾಡ್‌ಮ್ಯಾಪ್ ಎಂಬ, ಕರುಳಿನಲ್ಲಿ ಬೇಗ ಹುದುಗುವ ಸಕ್ಕರೆಗಳನ್ನು ಕಡಿಮೆ ಮಾಡುವ ಊಟದ ಕ್ರಮ ರೂಪಿಸಿದ್ದಾರೆ. ಅದರ ಪ್ರಕಾರ ಬಟನ್ ಅಣಬೆಯಲ್ಲಿ ಮ್ಯಾನಿಟಾಲ್ ಜಾಸ್ತಿ, ಚಿಪ್ಪಣಬೆಯಲ್ಲಿ ಅಂದರೆ ಆಯ್ಸ್ಟರ್ ಅಣಬೆಯಲ್ಲಿ ಕಡಿಮೆ. ಡಬ್ಬಿಯಲ್ಲಿ ಬರುವ ಬಟನ್ ಅಣಬೆಯಲ್ಲೂ ಕಡಿಮೆ, ಯಾಕೆಂದರೆ ಮ್ಯಾನಿಟಾಲ್ ಡಬ್ಬಿಯ ನೀರಿಗೆ ಇಳಿದುಬಿಟ್ಟಿರುತ್ತದೆ, ಆ ನೀರು ಚೆಲ್ಲಿ ತೊಳೆದರೆ ಆಯಿತು. ಹಾಗಾಗಿ ಅಣಬೆಯನ್ನೇ ಬಿಡುವ ಮೊದಲು ಜಾತಿ ಬದಲಾಯಿಸಿ ನೋಡಿ.

ಇನ್ನು ಟ್ರೆಹಲೋಸ್. ಅದನ್ನು ಒಡೆಯುವ ಟ್ರೆಹಲೇಸ್ ಎಂಬ ಕಿಣ್ವ ಸಣ್ಣ ಕರುಳಿನಲ್ಲಿ ಬಹುತೇಕ ಎಲ್ಲರಿಗೂ ಇರುತ್ತದೆ. ಇಲ್ಲದವರು ಬಹಳ ವಿರಳ. ಗ್ರೀನ್‌ಲ್ಯಾಂಡ್‌ನ ಇನ್ಯುಯಿಟ್ ಜನರಲ್ಲಿ ಮಾತ್ರ ಈ ಕೊರತೆ ಹೆಚ್ಚು ಕಾಣುತ್ತದೆ. ಇಂಥವರಿಗೆ ಅಣಬೆ ತಿಂದರೆ ಹಾಲು ಒಗ್ಗದವರಿಗೆ ಆಗುವ ಹಾಗೆಯೇ ಹೊಟ್ಟೆನೋವು, ಭೇದಿ ಆಗುತ್ತದೆ.

ತಿಂದ ಅಣಬೆ ಮಲದಲ್ಲಿ ಹಾಗೇ ಕಾಣುತ್ತದೆ. ಏನಾದರೂ ಸಮಸ್ಯೆಯಾ?

ಇಲ್ಲ. ಎನೋಕಿ ಅಂತ ದಾರದ ಹಾಗೆ ಉದ್ದುದ್ದ ಇರುವ ಅಣಬೆ ಇದೆ, ಅದು ತಿಂದ ಮರುದಿನ ಹೇಗಿತ್ತೋ ಹಾಗೇ ಹೊರಬರುವುದು ಎಲ್ಲರಿಗೂ ಗೊತ್ತಿರುವ ತಮಾಷೆ. ಕೈಟಿನ್ ಇರುವ ಗೋಡೆ ಅಷ್ಟು ಗಟ್ಟಿ. ಆದರೆ ಚೂರು ದೊಡ್ಡದಾದಷ್ಟೂ ಬ್ಯಾಕ್ಟೀರಿಯಾಗಳಿಗೆ ಸಿಗುವ ಮೇಲ್ಮೈ ಕಡಿಮೆ. ಸಣ್ಣಗೆ ಹೆಚ್ಚಿ, ಚೆನ್ನಾಗಿ ಅಗಿದು ತಿನ್ನಿ. ಇದು ಅಜ್ಜಿ ಬುದ್ಧಿಮಾತಿನ ಹಾಗೆ ಕೇಳಿಸಬಹುದು, ಆದರೆ ಒಣ ಶಿಟಾಕೆ ಅಣಬೆಯನ್ನು ಅಗಿಯದೆ ಇಡೀ ನುಂಗಿ, ಅದು ಒಳಗೆ ಉಬ್ಬಿ ಕರುಳು ಕಟ್ಟಿಕೊಂಡು ಶಸ್ತ್ರಚಿಕಿತ್ಸೆ ಆದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಇವೆ. ಹಲ್ಲಿಲ್ಲದ ಹಿರಿಯರಿಗೆ ಕೊಡುವಾಗ ಇದು ನೆನಪಿರಲಿ.

ಯಾವ ಅಣಬೆ ಕರುಳಿಗೆ ಒಳ್ಳೆಯದು?

ನಿಮಗೆ ಸುಲಭವಾಗಿ ಸಿಗುವುದು, ಒಗ್ಗುವುದು, ಇಷ್ಟವಾಗುವುದು. ಶಿಟಾಕೆ, ಚಿಪ್ಪಣಬೆಗಳಲ್ಲಿ ಬೀಟಾ ಗ್ಲುಕಾನ್ ಬಟನ್ ಅಣಬೆಗಿಂತ ಜಾಸ್ತಿ. ಇವುಗಳ ದಂಟಿನಲ್ಲಿ ಕೊಡೆಗಿಂತಲೂ ಹೆಚ್ಚಿರುತ್ತದೆ, ಹಾಗಾಗಿ ದಂಟು ಬಿಸಾಡಬೇಡಿ, ಗಟ್ಟಿ ಅನ್ನಿಸಿದರೆ ತೆಳ್ಳಗೆ ಹೆಚ್ಚಿ. ಬಿಳಿ ಬಟನ್, ಕಂದು ಕ್ರೆಮಿನಿ, ಅಗಲವಾದ ಪೋರ್ಟೊಬೆಲ್ಲೊ ಮೂರನ್ನೂ ಮೂರು ಬೆಲೆಗೆ ಮಾರುತ್ತಾರೆ, ಆದರೆ ಮೂರೂ ಅಗಾರಿಕಸ್ ಬೈಸ್ಪೋರಸ್ ಎಂಬ ಒಂದೇ ಪ್ರಭೇದ. ಪೋರ್ಟೊಬೆಲ್ಲೊ ಅಂದರೆ ಬಲಿತು ಅರಳಿದ್ದು, ಅಷ್ಟೇ.

ಹಸಿಯಾಗಿ ತಿನ್ನಬಹುದಾ?

ಬೇಡ, ಬೇಯಿಸಿ. ಹಸಿ ಬಟನ್ ಅಣಬೆಯಲ್ಲಿ ಅಗಾರಿಟಿನ್ ಎಂಬ, ಹಾನಿ ಮಾಡಬಹುದು ಅನ್ನುವ ಅನುಮಾನ ಇರುವ ಪದಾರ್ಥ ಇದೆ, ಬಿಸಿ ತಗುಲಿದರೆ ಕಡಿಮೆಯಾಗುತ್ತದೆ. ಶಿಟಾಕೆಯನ್ನು ಹಸಿ ಅಥವಾ ಅರೆಬೆಂದ ಹಾಗೆ ತಿಂದರೆ ಕೆಲವರಿಗೆ ಒಂದೆರಡು ದಿನದಲ್ಲಿ ಮೈಮೇಲೆ ಚಾಟಿಯಲ್ಲಿ ಹೊಡೆದ ಹಾಗೆ ಕೆಂಪು ಗೆರೆಗಳು ಏಳುತ್ತವೆ. ಜಪಾನಿನಲ್ಲಿ 1977ರಲ್ಲೇ ಇದನ್ನು ವಿವರಿಸಿದ್ದಾರೆ. ಹಸಿ ಎನೋಕಿಯದ್ದು ಬೇರೆ ತೊಂದರೆ: 2020ರಲ್ಲಿ ಅಮೆರಿಕದಲ್ಲಿ ಅದರ ಮೂಲಕ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕು ಹರಡಿ ಜನ ಸತ್ತಿದ್ದಾರೆ. ಗರ್ಭಿಣಿಯರು ಹಸಿ ಎನೋಕಿಯ ಹತ್ತಿರವೂ ಹೋಗಬಾರದು.

ಬೇಯಿಸಿದರೆ ಕರುಳಿಗೆ ಬೇಕಾದ ಗುಣ ಹಾಳಾಗಲ್ವಾ?

ಬೀಟಾ ಗ್ಲುಕಾನ್, ಕೈಟಿನ್ ಎರಡೂ ಒಲೆಯ ಬಿಸಿಗೆ ಅಂಜುವಂಥವಲ್ಲ. ನೀರಿನಲ್ಲಿ ಕುದಿಸಿ ನೀರು ಚೆಲ್ಲಿದರೆ ಮಾತ್ರ ಕರಗುವ ಭಾಗ ನೀರಿನ ಜೊತೆ ಹೋಗುತ್ತದೆ. ಹಾಗಾಗಿ ಹುರಿಯಿರಿ, ಇಲ್ಲವೇ ಬೇಯಿಸಿದ ನೀರನ್ನೂ ಅಡುಗೆಗೆ ಬಳಸಿ. ಒಣಗಿದ್ದು, ಫ್ರೀಜರ್‌ನಲ್ಲಿಟ್ಟದ್ದು ಎರಡೂ ಆಗುತ್ತದೆ. ಗ್ಯಾಸ್ ತೊಂದರೆ ಇರುವವರು ಮಾತ್ರ ಇದಕ್ಕೆ ಉಲ್ಟಾ ಮಾಡಿ ನೀರು ಚೆಲ್ಲಬಹುದು, ಮ್ಯಾನಿಟಾಲ್ ಸ್ವಲ್ಪ ಹೋಗುತ್ತದೆ.

ದಿನಕ್ಕೆ ಎಷ್ಟು ತಿನ್ನಬೇಕು? ಎಷ್ಟು ದಿನದಲ್ಲಿ ಬದಲಾವಣೆ ಕಾಣುತ್ತದೆ?

ಇಷ್ಟು ಗ್ರಾಂ ಅಂತ ಯಾರೂ ನಿಗದಿ ಮಾಡಿಲ್ಲ. ಒಂದು ಸಣ್ಣ ಲೆಕ್ಕ ನೋಡಿ. ಹಸಿ ಬಟನ್ ಅಣಬೆಯಲ್ಲಿ 90%ಕ್ಕಿಂತ ಜಾಸ್ತಿ ನೀರು. 100 ಗ್ರಾಂನಲ್ಲಿ ನಾರು ಒಂದರಿಂದ ಎರಡು ಗ್ರಾಂ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಅನ್ನುತ್ತದೆ. ಬರೀ ಅಣಬೆಯಿಂದ ಅದನ್ನು ತುಂಬಲು ಹೊರಟರೆ ಒಂದೂವರೆ ಕೆಜಿ ತಿಂದರೂ ಸಾಲದೆ ಹೋಗಬಹುದು! ಆದ್ದರಿಂದ ಅಣಬೆಯನ್ನು ನಾರಿನ ಮುಖ್ಯ ಮೂಲ ಅಂತ ನೋಡಬೇಡಿ. ಬೇಳೆ, ಕಾಳು, ಧಾನ್ಯ, ತರಕಾರಿ, ಹಣ್ಣು ಇವುಗಳಿಂದ ಬಾರದ ಒಂದು ಬಗೆಯ ನಾರು ಇದರಿಂದ ಬರುತ್ತದೆ, ಅದು ಬೇರೆ ಬ್ಯಾಕ್ಟೀರಿಯಾಗಳಿಗೆ ಕೆಲಸ ಕೊಡುತ್ತದೆ. ನನ್ನ ಮಟ್ಟಿಗೆ ಅಣಬೆ ತಿನ್ನಲು ಇದೇ ದೊಡ್ಡ ಕಾರಣ. ವಾರಕ್ಕೆ ಎರಡು ಮೂರು ಸಲ ಊಟದಲ್ಲಿ ಇದ್ದರೆ ಧಾರಾಳ ಸಾಕು.

ಬದಲಾವಣೆ ಬೇಗ ಬರುತ್ತದೆ, ಬೇಗ ಹೋಗುತ್ತದೆ. ಊಟವನ್ನು ಪೂರ್ತಿ ಬದಲಾಯಿಸಿ ನೋಡಿದ 2014ರ ಒಂದು ಪ್ರಯೋಗದಲ್ಲಿ ಒಂದೆರಡು ದಿನಕ್ಕೇ ಬ್ಯಾಕ್ಟೀರಿಯಾಗಳ ಲೆಕ್ಕ ಬದಲಾಯಿತು. ಹಳೆಯ ಊಟಕ್ಕೆ ಮರಳಿದ ಕೆಲವೇ ದಿನಗಳಲ್ಲಿ ಅವೂ ಮರಳಿದವು. ಹಾಗಾಗಿ ಒಂದು ತಿಂಗಳು ದಿನಾ ಅಣಬೆ ತಿಂದು ಆಮೇಲೆ ಬಿಡುವ "ಕರುಳು ಶುದ್ಧಿ ಕೋರ್ಸ್"ಗಳಿಗೆ ಅರ್ಥ ಇಲ್ಲ.

ಅಭ್ಯಾಸ ಇಲ್ಲದವರು ಸ್ವಲ್ಪದಿಂದ ಶುರು ಮಾಡಿ. ಮೊದಲ ದಿನವೇ ತಟ್ಟೆ ತುಂಬಾ ತಿಂದು ಹೊಟ್ಟೆ ಹಿಡಿದುಕೊಂಡು ಕೂತು, ಅಣಬೆ ನನಗೆ ಆಗಿಬರಲ್ಲ ಅಂದರೆ ಹೇಗೆ?

ಅಣಬೆ ಪುಡಿ, ಕ್ಯಾಪ್ಸೂಲ್ ತಗೊಳ್ಳಬಹುದಾ?

ಆರೋಗ್ಯವಾಗಿದ್ದೀರಿ, ಬರೀ ಕರುಳಿನ ಬ್ಯಾಕ್ಟೀರಿಯಾಗಳಿಗೋಸ್ಕರ ಅಂದರೆ ದುಡ್ಡು ಉಳಿಸಿ, ಅಣಬೆ ತಿನ್ನಿ. ತಗೊಳ್ಳಲೇಬೇಕು ಅನ್ನುವವರು ಲೇಬಲ್ಲಿನಲ್ಲಿ ಎರಡು ವಿಷಯ ನೋಡಬೇಕು.

ಮೊದಲನೆಯದು, ಅದು ಅಣಬೆಯ ಪುಡಿಯಾ ಅಥವಾ ಮೈಸೀಲಿಯಂ ಪುಡಿಯಾ. ಮೈಸೀಲಿಯಂ ಅಂದರೆ ಅಣಬೆ ಮೇಲೆ ಏಳುವ ಮೊದಲು ಒಳಗೆ ಹಬ್ಬುವ ಬಿಳಿ ಎಳೆಗಳ ಜಾಲ. ಅದನ್ನು ಧಾನ್ಯದ ಮೇಲೆ ಬೆಳೆಸಿ, ಧಾನ್ಯವನ್ನು ಬೇರ್ಪಡಿಸದೆ ಎಲ್ಲವನ್ನೂ ಸೇರಿಸಿ ಪುಡಿ ಮಾಡುವುದುಂಟು. ಆಗ ನೀವು ಕೊಂಡದ್ದರಲ್ಲಿ ಧಾನ್ಯದ ಪಿಷ್ಟವೇ ತುಂಬಿರುತ್ತದೆ. ಎರಡನೆಯದು, "ಪಾಲಿಸ್ಯಾಕರೈಡ್ ಇಷ್ಟು ಶೇಕಡಾ" ಅಂತ ದೊಡ್ಡದಾಗಿ ಬರೆದಿದ್ದರೆ ಅದಕ್ಕೆ ಮರುಳಾಗಬೇಡಿ. ಪಾಲಿಸ್ಯಾಕರೈಡ್ ಅಂದರೆ ಸಕ್ಕರೆಗಳ ಉದ್ದ ಸರಪಳಿ, ಪಿಷ್ಟವೂ ಪಾಲಿಸ್ಯಾಕರೈಡೇ! ಬೀಟಾ ಗ್ಲುಕಾನ್ ಎಷ್ಟು ಅಂತ ಬೇರೆಯಾಗಿ ಬರೆದಿದೆಯಾ ನೋಡಿ. ಬರೆಯದೆ ಇದ್ದರೆ ಬರೆಯದೆ ಇರಲು ಅವರಿಗೆ ಕಾರಣ ಇರುತ್ತದೆ.

ರೇಷಿ ಅಂತ ಮಾರುವ ಗ್ಯಾನೊಡರ್ಮ ಬಗ್ಗೆಯೂ ಜನ ಕೇಳುತ್ತಾರೆ. ಅದು ಮರದ ತೊಗಟೆಯಷ್ಟು ಗಟ್ಟಿ, ಊಟದ ಅಣಬೆ ಅಲ್ಲ. ಅದರ ನೀರಿನ ಸಾರ ಕೊಟ್ಟಾಗ, ಕೊಬ್ಬು ಜಾಸ್ತಿ ತಿನ್ನಿಸಿದ ಇಲಿಗಳ ತೂಕ ಕಡಿಮೆಯಾಯಿತು, ಆ ಇಲಿಗಳ ಹಿಕ್ಕೆಯನ್ನು ಬೇರೆ ಇಲಿಗಳಿಗೆ ವರ್ಗಾಯಿಸಿದಾಗ ಅವುಗಳಿಗೂ ಲಾಭವಾಯಿತು ಅಂತ ತೈವಾನಿನವರು 2015ರಲ್ಲಿ ತೋರಿಸಿದರು. ಬಹಳ ಹೆಸರಾದ ಕೆಲಸ. ಇವತ್ತಿನ ಅರ್ಧ ಜಾಹೀರಾತುಗಳ ಹಿಂದೆ ಇರುವುದು ಇಂಥ ಇಲಿಗಳೇ.

ಅಣಬೆಯಿಂದ ತೂಕ ಇಳಿಯುತ್ತದಾ? ಫರ್ಮಿಕ್ಯೂಟೀಸ್ ಕಡಿಮೆಯಾದರೆ ಸಣ್ಣಗಾಗುತ್ತಾರಂತೆ?

ಫರ್ಮಿಕ್ಯೂಟೀಸ್, ಬ್ಯಾಕ್ಟೀರಾಯ್ಡೀಟೀಸ್ ಈ ಎರಡು ಗುಂಪುಗಳ ಅನುಪಾತ ನೋಡಿ ದಪ್ಪ, ಸಣ್ಣ ಹೇಳಬಹುದು ಅನ್ನುವ ಯೋಚನೆ ಸುಮಾರು 2006ರಲ್ಲಿ ಜೋರಾಗಿತ್ತು. ಆಮೇಲೆ ಬೇರೆ ಬೇರೆ ಕಡೆಯ ಅಂಕಿಗಳನ್ನು ಒಟ್ಟು ಸೇರಿಸಿ ನೋಡಿದಾಗ ಅದು ನಿಲ್ಲಲಿಲ್ಲ. ಅಣಬೆಯಿಂದ ತೂಕಕ್ಕೆ ಸಹಾಯ ಆದರೆ ಕಾರಣ ಸರಳ: 100 ಗ್ರಾಂ ಬಟನ್ ಅಣಬೆಯಲ್ಲಿ ಇರುವುದು ಇಪ್ಪತ್ತು ಚಿಲ್ಲರೆ ಕ್ಯಾಲೊರಿ. ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಆ ಲೆಕ್ಕವೂ ಇಲ್ಲ.

ಆಂಟಿಬಯಾಟಿಕ್ ಕೋರ್ಸ್ ಮುಗಿದ ಮೇಲೆ ಅಣಬೆ ತಿಂದರೆ ಕರುಳು ಬೇಗ ಸರಿಹೋಗುತ್ತದಾ?

ನಾರಿರುವ ಊಟ ಒಳ್ಳೆಯದು, ಅದರಲ್ಲಿ ಅಣಬೆಯೂ ಇರಲಿ. ಆದರೆ ಆಂಟಿಬಯಾಟಿಕ್‌ನಿಂದ ಬೀಟಾ ಗ್ಲುಕಾನ್ ಕತ್ತರಿಸುವ ಬ್ಯಾಕ್ಟೀರಿಯಾಗಳೇ ಕಡಿಮೆಯಾಗಿರಬಹುದು. ಮೊದಲ ಕೆಲವು ದಿನ ಹೊಟ್ಟೆ ಗಲಾಟೆ ಮಾಡಿದರೆ ಪ್ರಮಾಣ ಇಳಿಸಿ, ನಿಧಾನವಾಗಿ ಏರಿಸಿ.

ಟ್ರೆಹಲೋಸ್‌ನಿಂದ ಅಪಾಯಕಾರಿ ಬ್ಯಾಕ್ಟೀರಿಯಾ ಬೆಳೆಯುತ್ತದೆ ಅಂತ ಓದಿದೆ. ನಿಜವಾ?

ಇದು 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಸಂಶೋಧನೆಯಿಂದ ಹುಟ್ಟಿದ ಭಯ. ಸಿ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಆಸ್ಪತ್ರೆಗಳಲ್ಲಿ, ಅದರಲ್ಲೂ ಆಂಟಿಬಯಾಟಿಕ್ ತೆಗೆದುಕೊಂಡವರಲ್ಲಿ, ಜೋರು ಭೇದಿ ತರುತ್ತದೆ. ಅದರ ಎರಡು ಉಗ್ರ ತಳಿಗಳು ತೀರಾ ಕಡಿಮೆ ಟ್ರೆಹಲೋಸ್ ಇದ್ದರೂ ಅದನ್ನು ತಿಂದು ಬೆಳೆಯಬಲ್ಲವು ಅಂತ ತೋರಿಸಿ, ಕೈಗಾರಿಕೆಯಲ್ಲಿ ತಯಾರಾದ ಟ್ರೆಹಲೋಸ್ ತಿಂಡಿಗಳಿಗೆ ಸೇರಲು ಶುರುವಾದದ್ದಕ್ಕೂ ಈ ತಳಿಗಳು ಹಬ್ಬಿದ್ದಕ್ಕೂ ನಂಟು ಇರಬಹುದು ಅಂದರು. ಕೇಳಲು ಸರಿಯಾಗಿದೆ ಅನ್ನಿಸುತ್ತದೆ. ಆದರೆ ಆಮೇಲೆ ಬೇರೆ ತಂಡಗಳು ರೋಗಿಗಳಿಂದ ತೆಗೆದ ತಳಿಗಳನ್ನು ಪರಿಶೀಲಿಸಿದಾಗ, ಟ್ರೆಹಲೋಸ್ ಬಳಸುವ ಜೀನ್ ಇರುವುದಕ್ಕೂ ಕಾಯಿಲೆ ಉಗ್ರವಾಗುವುದಕ್ಕೂ ಸಂಬಂಧ ಕಾಣಲಿಲ್ಲ. ಅಲ್ಲದೆ ಆ ಚರ್ಚೆ ನಡೆದದ್ದು ತಿಂಡಿಗೆ ಸೇರಿಸಿದ ಸಕ್ಕರೆಯ ಬಗ್ಗೆ. ಊಟದ ಜೊತೆ ತಿಂದ ಅಣಬೆಯ ಟ್ರೆಹಲೋಸ್ ಹೆಚ್ಚಾಗಿ ಸಣ್ಣ ಕರುಳಿನಲ್ಲೇ ಒಡೆದುಹೋಗುತ್ತದೆ.

ಅಣಬೆಯೂ ಫಂಗಸ್ಸೇ ಅಲ್ವಾ? ತಿಂದರೆ ಕ್ಯಾಂಡಿಡಾ ಜಾಸ್ತಿ ಆಗಲ್ವಾ?

ಇಲ್ಲ. ಕ್ಯಾಂಡಿಡಾ ಒಂದು ಯೀಸ್ಟ್, ಅದು ನಮ್ಮಲ್ಲಿ ಮೊದಲಿಂದಲೂ ಇರುವಂಥದ್ದು. ಬೆಂದ ಅಣಬೆ ನಿಮ್ಮೊಳಗೆ ಬೆಳೆಯುವುದಿಲ್ಲ, ಕ್ಯಾಂಡಿಡಾ ಆಗಿ ಮಾರ್ಪಡುವುದೂ ಇಲ್ಲ.

ಇದರಿಂದ ರೋಗನಿರೋಧಕ ಶಕ್ತಿ ಹೆಚ್ಚುತ್ತದೆ ಅನ್ನುತ್ತಾರಲ್ಲ?

ಆ ಮಾತಿನ ಬೇರು ಇಲ್ಲಿದೆ: ನಮ್ಮ ರಕ್ಷಣಾ ಕೋಶಗಳ ಮೇಲೆ ಡೆಕ್ಟಿನ್-1 ಎಂಬ ರಿಸೆಪ್ಟರ್ (ಹೊರಗಿನ ಪದಾರ್ಥಗಳನ್ನು ಹಿಡಿಯುವ ಪ್ರೋಟೀನ್) ಇದೆ, ಅದು ಬೀಟಾ ಗ್ಲುಕಾನನ್ನು ಗುರುತು ಹಿಡಿಯುತ್ತದೆ ಅಂತ 2001ರಲ್ಲಿ ಗೊತ್ತಾಯಿತು. ಶಿಲೀಂಧ್ರ ಸೋಂಕು ಬಂದಾಗ ಎಚ್ಚರಿಸುವುದು ಅದರ ಕೆಲಸ. ಕರುಳಿನ ಗೋಡೆಯಲ್ಲೂ ಇಂಥ ಕೋಶಗಳಿವೆ, ಹಾಗಾಗಿ ತಿಂದ ಅಣಬೆಯ ಗುರುತು ಅವಕ್ಕೂ ಸಿಗುತ್ತದೆ. ಗುರುತು ಸಿಗುವುದು ಬೇರೆ, ನಿಮಗೆ ನೆಗಡಿ ಬಾರದಿರುವುದು ಬೇರೆ.

ಮೈಕ್ರೋಬಯೋಮ್ ಟೆಸ್ಟ್ (ಕರುಳಿನಲ್ಲಿ ಯಾವ ಯಾವ ಬ್ಯಾಕ್ಟೀರಿಯಾ ಇವೆ ಅಂತ ನೋಡುವ ಪರೀಕ್ಷೆ) ಮಾಡಿಸಿ ಅಣಬೆ ಆರಿಸಿಕೊಳ್ಳಬೇಕಾ?

ಬೇಡ. ತಿಂದು ನೋಡಿ, ಹೊಟ್ಟೆಯೇ ಹೇಳುತ್ತದೆ.

ಯಾರು ಹುಷಾರಾಗಿರಬೇಕು?

ಐಬಿಎಸ್ ಇರುವವರ ಬಗ್ಗೆ ಮೇಲೆ ಹೇಳಿದೆ. ಕರುಳು ಕಿರಿದಾಗಿರುವವರು, ಕರುಳಿನ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳದೆ ಅಣಬೆ ತಿನ್ನಬೇಡಿ, ಗಟ್ಟಿ ಚೂರು ಸಿಕ್ಕಿಕೊಳ್ಳಬಹುದು. ಅಂಗಾಂಗ ಕಸಿ ಆದವರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರು, ರಕ್ತ ತೆಳುವಾಗಿಸುವ ಮಾತ್ರೆಯಲ್ಲಿ ಇರುವವರು ಅಣಬೆ ಸಾರದ ಕ್ಯಾಪ್ಸೂಲ್‌ಗಳನ್ನು ತಮ್ಮಷ್ಟಕ್ಕೆ ತಾವೇ ಶುರು ಮಾಡಬಾರದು. ಬೆಂದ ಅಣಬೆ ಊಟದಲ್ಲಿ ತಿನ್ನುವುದಕ್ಕೂ ಸಾಂದ್ರ ಸಾರಕ್ಕೂ ಬಹಳ ಅಂತರ ಇದೆ.

ಕಾಡಲ್ಲಿ ಬೆಳೆದ ಅಣಬೆಯಲ್ಲಿ ಗುಣ ಜಾಸ್ತಿ ಅಂತಾರೆ, ಕಿತ್ತು ತಿನ್ನಬಹುದಾ?

ಗುರುತು ಹಿಡಿಯಲು ನಿಜವಾಗಿ ಬಲ್ಲವರು ಜೊತೆಗಿಲ್ಲದಿದ್ದರೆ ಬೇಡವೇ ಬೇಡ. ಅಮಾನಿಟಾ ಫಲಾಯ್ಡಿಸ್‌ನಂಥ ಅಣಬೆಯ ವಿಷ ಬೇಯಿಸಿದರೂ ಹೋಗುವುದಿಲ್ಲ, ಒಣಗಿಸಿದರೂ ಹೋಗುವುದಿಲ್ಲ. ರುಚಿಯಲ್ಲೂ ಗೊತ್ತಾಗುವುದಿಲ್ಲ. ತಿಂದು ಆರು ಗಂಟೆ, ಕೆಲವೊಮ್ಮೆ ಹನ್ನೆರಡು ಗಂಟೆಗೂ ಮೀರಿ ಏನೂ ಆಗುವುದಿಲ್ಲ. ಆಮೇಲೆ ವಾಂತಿ, ಭೇದಿ ಶುರುವಾಗಿ, ನಡುವೆ ಗುಣವಾದ ಹಾಗೆ ಕಂಡು, ಅಷ್ಟರಲ್ಲಿ ಯಕೃತ್ತು ಹಾಳಾಗುತ್ತಿರುತ್ತದೆ. ಗುಣವಾಯಿತು ಅಂತ ಮನೆಯಲ್ಲಿ ಕೂರಬೇಡಿ, ಅನುಮಾನ ಬಂದ ತಕ್ಷಣ ಆಸ್ಪತ್ರೆಗೆ ಹೋಗಿ. ತಿಂದ ಅಣಬೆಯ ತುಂಡು ಉಳಿದಿದ್ದರೆ, ಅಡುಗೆ ಮಾಡಿದ್ದಾದರೂ ಸರಿ, ಜೊತೆಗೆ ಒಯ್ಯಿರಿ. ಯಾವ ವಿಷ ಅಂತ ಗುರುತಿಸಲು ಅದು ಬೇಕಾಗುತ್ತದೆ.